ಹಳೆಯ ರೈಫಲ್ಲಿನ ಗುಳಿಬಿದ್ದ ನಳಿಕೆ: ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳೆ ಕಾಯಲೆಂದು ಅಜ್ಜ ಪರವಾನಗಿ ಪಡೆದು ಕೊಂಡ 12 ಬೋರ್ ಬಂದೂಕು, ಸೈನ್ಯದಿಂದ ನಿವೃತ್ತರಾದ ಮೇಲೆ ತಂದೆ ತಂದಿಟ್ಟುಕೊಂಡ 315 ಬೋರ್ ರೈಫಲ್, ವಾಡೆಯ ಗೋಡೆಯ ಮೇಲೆ ತಲೆಮಾರುಗಳಿಂದ ತೂಗುತ್ತಿರುವ ಮದ್ದಿನ ಬಂದೂಕು. ಈ ಮೂರು ಜಿಲ್ಲೆಗಳ ಮನೆಗಳಲ್ಲಿರುವ ಹಳೆಯ ಬಂದೂಕುಗಳು ಹೆಚ್ಚಾಗಿ ಈ ಮೂರು ಬಗೆಯವು. ಮೂರರ ಮಾಲೀಕರೂ ಒಂದು ದಿನ ನಳಿಕೆಯ ಮೇಲೆ ಬೆರಳಾಡಿಸಿ, ಒರಟು ತಾಗಿದಾಗ ಗಾಬರಿಯಾಗುತ್ತಾರೆ. ಅವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಒಂದು ಮಾತನ್ನು ಮೊದಲೇ ಹೇಳಬೇಕು: ತುಕ್ಕು ತಿಂದ ಉಕ್ಕು ಮರಳಿ ಬರುವುದಿಲ್ಲ. ಹೊಸ ಮೆರುಗಿಗಾಗಿ ನಾವು ಉಜ್ಜಿ ತೆಗೆಯುವ ಉಕ್ಕೂ ಮರಳುವುದಿಲ್ಲ. ಆದ್ದರಿಂದ ಎಷ್ಟು ತೆಗೆಯಬೇಕು ಎನ್ನುವುದಕ್ಕಿಂತ ಎಷ್ಟನ್ನು ಬಿಡಬೇಕು ಎಂಬುದನ್ನು ಮೊದಲು ತೀರ್ಮಾನಿಸಬೇಕು.

ಬರೀ ತುಕ್ಕು ಹಿಡಿದಿದೆಯೇ, ಗುಳಿಯೂ ಬಿದ್ದಿದೆಯೇ ಎಂದು ತಿಳಿಯುವುದು ಹೇಗೆ?

ಬಂದೂಕು ಖಾಲಿ ಇದೆ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಿ. ರೈಫಲ್ಲಾದರೆ ಬೋಲ್ಟ್ ತೆಗೆಯಿರಿ, ಜೋಡಿ ನಳಿಕೆಯದಾದರೆ ನಳಿಕೆಯನ್ನು ಕೆಳಗೆ ಮಡಚಿ ತೆರೆಯಿರಿ. ಬಾಯಿಯಿಂದ ಮದ್ದು ತುಂಬುವ ಹಳೆಯ ಬಂದೂಕಾದರೆ ಗಜವನ್ನು (ಮದ್ದು ತುರುಕುವ ಸರಳನ್ನು) ಒಳಗೆ ಬಿಟ್ಟು ಎಷ್ಟು ಇಳಿಯಿತೆಂದು ಗುರುತು ಮಾಡಿ, ಅದೇ ಗಜವನ್ನು ಹೊರಗಿನಿಂದ ನಳಿಕೆಗೆ ಹಿಡಿದು ನೋಡಿ. ಬುಡದವರೆಗೆ ಇಳಿಯದಿದ್ದರೆ ಒಳಗೆ ಏನೋ ಇದೆ ಎಂದರ್ಥ. ಗೋಡೆಗೆ ತೂಗುಹಾಕಿದ ಮುತ್ತಜ್ಜನ ಕಾಲದ ಬಂದೂಕಿನಲ್ಲಿ ತುಂಬಿದ ಮದ್ದು ಹಾಗೆಯೇ ಉಳಿದಿರುವುದು ಅಪರೂಪವಲ್ಲ. ಹಳೆಯ ಕರಿಮದ್ದು ಕೆಟ್ಟುಹೋಗಿರುತ್ತದೆ ಎಂದು ನಂಬಬೇಡಿ, ಒಣಗಿದ್ದರೆ ಅದು ಈಗಲೂ ಹೊತ್ತಿಕೊಳ್ಳುತ್ತದೆ. ಅಂಥದ್ದನ್ನು ನೀವು ಕೈಯಾಡಿಸದೆ ಪರವಾನಗಿ ಇರುವ ದುರಸ್ತಿದಾರರಿಗೆ ಬಿಡಿ.

ಖಾಲಿ ಎಂದು ಖಚಿತವಾದ ಮೇಲೆ ಚಿಂದಿ ಬಟ್ಟೆಗೆ ತೆಳು ಎಣ್ಣೆ ಹಾಕಿ ತುಕ್ಕಿದ್ದ ಜಾಗವನ್ನು ಒರೆಸಿ, ಉಗುರಿನಿಂದ ಗೀರಿ ನೋಡಿ. ಕೆಂಪು ಪುಡಿ ಹೋಗಿ ಕೆಳಗೆ ನುಣುಪಾದ ಉಕ್ಕು ಸಿಕ್ಕರೆ ಅದು ಮೇಲ್ತುಕ್ಕು. ಉಗುರು ತಗ್ಗಿಗೆ ಸಿಕ್ಕಿಬಿದ್ದರೆ ಅದು ಗುಳಿ. ಮರದ ಹಿಡಿ ಮತ್ತು ನಳಿಕೆ ಸೇರುವ ಗೆರೆಯ ಕೆಳಗೆ ತಪ್ಪದೆ ನೋಡಿ. ಮೇಲೆ ಚೆನ್ನಾಗಿ ಕಾಣುವ ರೈಫಲ್ಲಿನ ಮರ ಬಿಚ್ಚಿದಾಗ ಕೆಳಗೆಲ್ಲ ಗುಳಿ ಇರುತ್ತದೆ. ಬೆವರು, ಮಳೆನೀರು ಮರದ ಅಂಚಿನಲ್ಲಿ ಇಳಿದು ಅಲ್ಲಿಯೇ ನಿಲ್ಲುವುದು ಇದಕ್ಕೆ ಕಾರಣ. ಒಳಭಾಗ ನೋಡಲು ಒಂದು ತುದಿಯಲ್ಲಿ ಬಿಳಿ ಕಾಗದ ಹಿಡಿದು ಅದರ ಮೇಲೆ ಬೆಳಕು ಬಿಡಿ. ಕಪ್ಪು ಚುಕ್ಕೆಗಳು ಕಂಡರೆ ಮೊದಲು ಬ್ರಶ್ ಹಾಕಿ ಸ್ವಚ್ಛಗೊಳಿಸಿ ಮತ್ತೆ ನೋಡಿ, ಗಟ್ಟಿಯಾದ ಮಸಿಯೂ ಗುಳಿಯಂತೆ ಕಾಣುತ್ತದೆ.

ವಿಜಯಪುರ ಒಣ ಸೀಮೆ. ಇಲ್ಲಿಯೂ ಗುಳಿ ಬೀಳುವುದೇಕೆ?

ಉಕ್ಕಿಗೆ ತುಕ್ಕು ಹಿಡಿಯಲು ಮಳೆಯೇ ಬೇಕಿಲ್ಲ, ತೇವವನ್ನು ಹಿಡಿದಿಡುವ ಉಪ್ಪಿದ್ದರೆ ಸಾಕು. ಆ ಉಪ್ಪು ಮೂರು ದಾರಿಯಲ್ಲಿ ಬರುತ್ತದೆ. ಮೊದಲನೆಯದು ಕೈಬೆವರು. ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ ಹಿಡಿದ ಬಂದೂಕನ್ನು ಒರೆಸದೆ ಇಟ್ಟರೆ ನಾಲ್ಕು ಬೆರಳಿನ ಗುರುತು ನಳಿಕೆಯ ಮೇಲೆ ಕೆಂಪಗೆ ಮೂಡುತ್ತದೆ. ಎರಡನೆಯದು ಕರಿಮದ್ದು. ಅದು ಸುಟ್ಟ ಮೇಲೆ ಉಳಿಯುವ ಪೊಟ್ಯಾಸಿಯಂ ಲವಣಗಳು ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಮೂರನೆಯದು ಹಳೆಯ ಬಗೆಯ ಕೇಪು, ಅಂದರೆ ಪೆಟ್ಟು ಬಿದ್ದಾಗ ಸಿಡಿದು ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು. ಅದರಲ್ಲಿರುವ ಪೊಟ್ಯಾಸಿಯಂ ಕ್ಲೋರೇಟ್ ಸಿಡಿದಾಗ ಪೊಟ್ಯಾಸಿಯಂ ಕ್ಲೋರೈಡ್ ಉಳಿಯುತ್ತದೆ. ಅದು ಅಡುಗೆ ಉಪ್ಪಿನ ಸೋದರ. ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಮಾತ್ರ ಕರಗುತ್ತದೆ. ಬರೀ ಎಣ್ಣೆ ಹಾಕಿ ಒರೆಸಿಟ್ಟ ನಳಿಕೆಯ ಒಳಗೆ ಗುಳಿ ಬೀಳುವುದು ಇದರಿಂದಲೇ. ಹಳೆಯ ಸೇನಾ ತೋಟಾ ಬಳಸಿದ ರೈಫಲ್ಲುಗಳ ಒಳಭಾಗ ಹಾಳಾಗಿರುವುದಕ್ಕೂ ಇದೇ ಕಾರಣ. ಮೊದಲು ಬಿಸಿನೀರು ಹಾಯಿಸಿ, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಹಾಕಬೇಕು.

ಖಾನಾಪುರ, ಕಣಕುಂಬಿ ಕಡೆಯ ಮಳೆ ಬೇರೆಯೇ ಬಗೆ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಗೋಡೆಯೇ ಬೆವರುತ್ತದೆ. ಗೋಡೆಗೆ ತೂಗುಹಾಕಿದ ಬಂದೂಕಿನ ಗೋಡೆಯ ಕಡೆಯ ಮುಖ ಮೊದಲು ಹಾಳಾಗುತ್ತದೆ. ಚರ್ಮದ ಚೀಲದಲ್ಲಿ ಇಟ್ಟರೆ ಭದ್ರ ಎಂದು ಅನೇಕರು ತಿಳಿದಿದ್ದಾರೆ. ಚರ್ಮ ತೇವ ಹೀರುತ್ತದೆ, ಹದ ಮಾಡಿದ ಲವಣ ಅದರಲ್ಲಿ ಉಳಿದಿರುತ್ತದೆ. ಒಯ್ಯುವುದಕ್ಕೆ ಚೀಲ ಸರಿ, ಇಡುವುದಕ್ಕೆ ಅಲ್ಲ.

ವಿಜಯಪುರದ ಉಪ್ಪಲಿ ಬುರುಜಿನ ಮೇಲಿನ ಕಬ್ಬಿಣದ ಉದ್ದ ತೋಪು ಸುಮಾರು 9 ಮೀಟರ್ ಇದೆ, ನೂರಾರು ವರ್ಷಗಳಿಂದ ಬಯಲಿನಲ್ಲಿಯೇ ಇದೆ. ಅದಕ್ಕೆ ಏನೂ ಆಗಿಲ್ಲ, ನನ್ನ ರೈಫಲ್ಲಿಗೆ ಹೀಗೇಕೆ ಎಂದು ಕೇಳುವವರಿದ್ದಾರೆ. ಆ ತೋಪಿನ ಗೋಡೆ ದಪ್ಪ, ಒಂದೆರಡು ಮಿಲಿಮೀಟರ್ ಹೋದರೂ ಅದಕ್ಕೆ ಲೆಕ್ಕವಿಲ್ಲ. 12 ಬೋರ್ ನಳಿಕೆಯ ಗೋಡೆ ಬಾಯಿಯ ಕಡೆಗೆ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಮಲಿಕ್-ಎ-ಮೈದಾನ್ ತೋಪಿನ ಮಾತೇ ಬೇರೆ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ ಅದು ಕಂಚಿನದು, ಕಂಚಿಗೆ ಕೆಂಪು ತುಕ್ಕು ಬರುವುದೇ ಇಲ್ಲ.

ಗುಳಿಬಿದ್ದ ನಳಿಕೆಯಿಂದ ಗುಂಡು ಹಾರಿಸಬಹುದೇ?

ಎಲ್ಲಿ ಗುಳಿ ಬಿದ್ದಿದೆ, ಎಷ್ಟು ಆಳ ಎಂಬುದರ ಮೇಲೆ ಉತ್ತರ ನಿಂತಿದೆ. ಗುಂಡು ಹಾರಿದಾಗ ಅತಿ ಹೆಚ್ಚು ಒತ್ತಡ ಬೀಳುವುದು ತೋಟಾ ಕೂರುವ ಚೇಂಬರ್ ಮತ್ತು ಅದರ ಮುಂದಿನ ಸ್ವಲ್ಪ ಭಾಗದ ಮೇಲೆ. ಅಲ್ಲಿ ಆಳವಾದ ಗುಳಿ ಇದ್ದರೆ, ಒಳಗಾಗಲಿ ಹೊರಗಾಗಲಿ, ಆ ಬಂದೂಕನ್ನು ಹಾರಿಸಬಾರದು. ರೈಫಲ್ಲಿನ ನಳಿಕೆಯ ನಡುಭಾಗದಲ್ಲಿ ಹೊರಗೆ ಬಿದ್ದ ಸಣ್ಣ ಚುಕ್ಕೆಗಳು ನೋಟಕ್ಕೆ ಕೆಟ್ಟವು, ಬಲಕ್ಕೆ ಅಷ್ಟಾಗಿ ಅಲ್ಲ. 12 ಬೋರ್ ನಳಿಕೆ ತೆಳು ಇರುವುದರಿಂದ ಅದರ ಗೋಡೆಯ ದಪ್ಪವನ್ನು ಉಪಕರಣದಿಂದಲೇ ಅಳೆಯಬೇಕು. ಹೊರಗಿನ ಗುಳಿ ಮತ್ತು ಒಳಗಿನ ಗುಳಿ ಒಂದೇ ಜಾಗದಲ್ಲಿ ಎದುರುಬದುರಾಗಿದ್ದರೆ ಕಣ್ಣಿಗೆ ತಿಳಿಯುವುದೇ ಇಲ್ಲ.

ಹೊಲದಲ್ಲಿ ಬಂದೂಕನ್ನು ಮರಕ್ಕೆ ಕಟ್ಟಿ, ದೂರದಿಂದ ಹಗ್ಗ ಎಳೆದು, ಸಿಡಿಯದಿದ್ದರೆ ಸುರಕ್ಷಿತ ಎನ್ನುವ ಪದ್ಧತಿ ಹಳೆಯದು. ದಯವಿಟ್ಟು ಬಿಡಿ. ಒಂದು ಸಲ ತಡೆದ ನಳಿಕೆ ಆ ಹೊಡೆತದಲ್ಲಿಯೇ ಬಿರುಕು ಬಿಟ್ಟಿರಬಹುದು, ಮುಂದಿನ ಸಲ ಅದು ನಿಮ್ಮ ಎಡಗೈಯಲ್ಲಿರುತ್ತದೆ. ಪರೀಕ್ಷಾರ್ಥ ಹಾರಿಸುವುದಕ್ಕೂ ಶಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು.

ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸುರುಳಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಕೆಗಳು ಹಳೆಯ ಸಂಸ್ಥಾನಿಕರ, ದೇಸಾಯರ ಮನೆಗಳಲ್ಲಿ ಸಿಗುತ್ತವೆ. ಮೇಲೆ ಅಲೆ ಅಲೆಯಾದ ವಿನ್ಯಾಸ ಇರುತ್ತದೆ. ಅವು ಕರಿಮದ್ದಿನ ಒತ್ತಡಕ್ಕೆ ಮಾಡಿದವು. ಬೆಸುಗೆಯ ಸಂದಿಯಲ್ಲಿ ತುಕ್ಕು ಒಳಗೊಳಗೇ ಹರಡಿರುತ್ತದೆ. ಅವುಗಳಲ್ಲಿ ಇಂದಿನ ತೋಟಾ ಹಾಕಲೇಬಾರದು. ಗೋಡೆಯ ಮೇಲೆ ಗೌರವದಿಂದ ಇರಲಿ.

ಒಳಗಿನ ಗುಳಿಯನ್ನು ತೆಗೆಯಬಹುದೇ?

ತೆಗೆಯಲಾಗದು. ಗುಳಿಯ ತಳದವರೆಗೆ ಸುತ್ತಲಿನ ಉಕ್ಕನ್ನೆಲ್ಲ ಕೊರೆದರೆ ರೈಫಲ್ಲಿನ ಒಳಗೆರೆಗಳೇ ಅಳಿಸಿಹೋಗುತ್ತವೆ, ಗುಂಡಿಗೆ ಹಿಡಿತ ತಪ್ಪುತ್ತದೆ. ಸಣ್ಣ ಗುಳಿ ಇರುವ ರೈಫಲ್ಲುಗಳು ಅನೇಕ ವೇಳೆ ಗುರಿ ಕೆಡಿಸುವುದಿಲ್ಲ, ಬೇಗ ಮಸಿ ಕಟ್ಟುತ್ತವೆ ಅಷ್ಟೆ. ಹೆಚ್ಚು ಸಲ ಸ್ವಚ್ಛಗೊಳಿಸಬೇಕಾಗುತ್ತದೆ. ಚೇಂಬರಿನಲ್ಲಿ ಗುಳಿ ಇದ್ದರೆ ಹಾರಿಸಿದ ತೋಟಾದ ಹಿತ್ತಾಳೆ ಹಿಗ್ಗಿ ಅದರೊಳಗೆ ಕಚ್ಚಿಕೊಳ್ಳುತ್ತದೆ, ಖಾಲಿ ತೋಟಾ ಹೊರಬರುವುದಿಲ್ಲ. ಅಂಥ ರೈಫಲ್ಲಿಗೆ ನಳಿಕೆ ಬದಲಿಸುವುದೇ ದಾರಿ. ಪರವಾನಗಿ ನೀಡಿದ ಅಧಿಕಾರಿಯ ಅನುಮತಿಯಿಲ್ಲದೆ ಅದಕ್ಕೆ ಕೈಹಾಕಬೇಡಿ.

ಉದ್ಯಮಬಾಗದಲ್ಲಿ ಪರಿಚಯದ ಲೇಥ್ ಅಂಗಡಿ ಇದೆ. ಅಲ್ಲಿ ಮಾಡಿಸಬಹುದೇ?

ಬೇಡ. ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆಯ ಕುಶಲಕರ್ಮಿಗಳ ಕೈಚಳಕದ ಬಗ್ಗೆ ನನಗೆ ಅಪಾರ ಗೌರವವಿದೆ. ಫೌಂಡ್ರಿ, ಹೈಡ್ರಾಲಿಕ್ಸ್ ಬಿಡಿಭಾಗಗಳಲ್ಲಿ ಅವರ ನಿಖರತೆ ದೊಡ್ಡದು. ಆದರೆ 1959ರ ಶಸ್ತ್ರ ಕಾಯ್ದೆಯ ಕಲಂ 5ರ ಪ್ರಕಾರ ಬಂದೂಕು ತಯಾರಿಸುವುದು, ಮಾರುವುದು, ಮಾರ್ಪಡಿಸುವುದು, ದುರಸ್ತಿ ಮಾಡುವುದು, ಪರೀಕ್ಷಿಸುವುದು ಇವೆಲ್ಲಕ್ಕೂ ಪ್ರತ್ಯೇಕ ಪರವಾನಗಿ ಬೇಕು. ನಿಮ್ಮ ಬಳಿ ಬಂದೂಕು ಇಟ್ಟುಕೊಳ್ಳುವ ಪರವಾನಗಿ ಇದೆ ಎಂದ ಮಾತ್ರಕ್ಕೆ ಲೇಥ್ ಅಂಗಡಿಯವನಿಗೆ ಅದನ್ನು ಮುಟ್ಟುವ ಹಕ್ಕು ಬರುವುದಿಲ್ಲ. ಇದಕ್ಕೆ ಕಾಯ್ದೆ ವಿಧಿಸುವ ಶಿಕ್ಷೆ ದೀರ್ಘಾವಧಿಯ ಜೈಲು. ಸ್ನೇಹಿತನೊಬ್ಬನನ್ನು ಒಂದು ಮಧ್ಯಾಹ್ನದ ಕೆಲಸಕ್ಕಾಗಿ ಅಂಥ ಅಪಾಯಕ್ಕೆ ದೂಡಬಾರದು.

ಒರೆಸುವುದು, ಬ್ರಶ್ ಹಾಕುವುದು, ಎಣ್ಣೆ ಹಚ್ಚುವುದು ಮಾಲೀಕನ ಕೆಲಸ. ಅರ ಹಾಕುವುದು, ಪಾಲಿಶ್ ಮಾಡುವುದು, ಬ್ಲೂಯಿಂಗ್ (ಉಕ್ಕಿನ ಮೇಲೆ ಕಪ್ಪುನೀಲಿ ಪದರ ಬರಿಸುವುದು) ಮಾಡುವುದು ಪರವಾನಗಿ ಇರುವ ದುರಸ್ತಿದಾರರ ಕೆಲಸ. ಮುಂದೆ ಆ ಕೆಲಸಗಳನ್ನು ವಿವರಿಸಿದ್ದೇನೆ. ಮನೆಯಲ್ಲಿ ಮಾಡಲಿ ಎಂದು ವಿವರಿಸಿಲ್ಲ. ಅಂಗಡಿಗೆ ಕೊಡುವಾಗ ಏನು ಕೇಳಬೇಕು, ಏನು ಬೇಡ ಎನ್ನಬೇಕು ಎಂದು ನಿಮಗೆ ಗೊತ್ತಿರಬೇಕು. ಕೊಡುವಾಗ ಮೂಲ ಪರವಾನಗಿ ಪುಸ್ತಕ ಒಯ್ಯಿರಿ, ದಾಖಲೆ ಪುಸ್ತಕದಲ್ಲಿ ನಮೂದಿಸಲು ಹೇಳಿ, ಬಂದೂಕಿನ ಸಂಖ್ಯೆ ಬರೆದ ರಸೀದಿ ಪಡೆಯಿರಿ.

ಕೊಲ್ಹಾಪುರ, ಮಿರಜ ಹತ್ತಿರವಿದೆ. ಅಲ್ಲಿಗೆ ಒಯ್ಯಬಹುದೇ?

ಪರವಾನಗಿಯಲ್ಲಿ ಬರೆದ ವ್ಯಾಪ್ತಿ ನೋಡಿ. ಕರ್ನಾಟಕ ರಾಜ್ಯಕ್ಕೆ ಮಾತ್ರ ಎಂದಿದ್ದರೆ ನಿಪ್ಪಾಣಿ ದಾಟಿದ ಕೂಡಲೇ ಅದು ಅಕ್ರಮ ಸಾಗಣೆ. ವ್ಯಾಪ್ತಿ ವಿಸ್ತರಿಸಿಕೊಂಡೇ ಹೋಗಬೇಕು.

ಅಜ್ಜ ತೀರಿಕೊಂಡರು. ಬಂದೂಕು ಮನೆಯಲ್ಲಿದೆ, ಪರವಾನಗಿ ಅವರ ಹೆಸರಿನಲ್ಲಿತ್ತು. ಮೊದಲು ತುಕ್ಕು ತೆಗೆಸಿ ಆಮೇಲೆ ಅರ್ಜಿ ಹಾಕಲೇ?

ಮೊದಲು ಕಾನೂನಿನ ಕೆಲಸ. ಪರವಾನಗಿದಾರ ತೀರಿಕೊಂಡ ಮೇಲೆ ಬಂದೂಕನ್ನು ವಿಳಂಬ ಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಮಾರಾಟಗಾರರಲ್ಲಿ ಠೇವಣಿ ಇಡಬೇಕು, ಕಲಂ 21 ಇದನ್ನು ಹೇಳುತ್ತದೆ. ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೋರಿ ಅರ್ಜಿ ಹಾಕಲು 2016ರ ಶಸ್ತ್ರ ನಿಯಮಗಳಲ್ಲಿ ಅವಕಾಶವಿದೆ. ಠೇವಣಿಗೆ ಕೊಡುವ ದಿನ ಒಣಬಟ್ಟೆಯಿಂದ ಒರೆಸಿ ಎಣ್ಣೆ ಹಚ್ಚಿ. ಅದಕ್ಕಿಂತ ಹೆಚ್ಚಿನದಕ್ಕೆ ನಿಮ್ಮ ಹೆಸರಿನ ಪರವಾನಗಿ ಬರುವವರೆಗೆ ಕಾಯಿರಿ.

ಕೊಡಗಿನವರಿಗೆ ಪರವಾನಗಿಯೇ ಬೇಡವಂತೆ, ನಮಗೇಕೆ ಎಂದು ಜೊತೆಯಲ್ಲೇ ಕೇಳುತ್ತಾರೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇರುವ ಆ ವಿನಾಯಿತಿ ಅವರಿಗಷ್ಟೇ ಸಲ್ಲುತ್ತದೆ. ಈ ಮೂರು ಜಿಲ್ಲೆಗಳಿಗೆ ಅದು ಅನ್ವಯಿಸುವುದಿಲ್ಲ.

ನಮ್ಮ ಮನೆಯ ಬಂದೂಕು ಕಿತ್ತೂರು ಚೆನ್ನಮ್ಮನ ಕಾಲದ್ದು ಎನ್ನುತ್ತಾರೆ. ಹೊಳಪು ಕೊಡಿಸಲೇ?

ಕೊಡಿಸಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ.

ಮೊದಲು ಕಾಲವನ್ನು ನೋಡೋಣ. ಕಿತ್ತೂರಿನ ಯುದ್ಧ ನಡೆದದ್ದು 1824ರಲ್ಲಿ. ಆಗ ಇಲ್ಲಿ ಬಳಕೆಯಲ್ಲಿದ್ದವು ಬತ್ತಿಯ ಬಂದೂಕು ಮತ್ತು ಚಕಮಕಿ ಬಂದೂಕು. ಕೇಪಿನ ಬಂದೂಕು ಬ್ರಿಟಿಷ್ ಸೈನ್ಯಕ್ಕೇ ಬಂದದ್ದು 1840ರ ಆಸುಪಾಸಿನಲ್ಲಿ. ನಿಮ್ಮದು ಕೇಪಿನದಾದರೆ ಅದು ಯುದ್ಧದ ನಂತರದ್ದು ಎಂದು ಒಮ್ಮೆಲೇ ತೀರ್ಮಾನಿಸಬೇಡಿ. ಎಷ್ಟೋ ಚಕಮಕಿ ಬಂದೂಕುಗಳನ್ನು ಆಮೇಲೆ ಕೇಪಿಗೆ ಮಾರ್ಪಡಿಸಿದ್ದಾರೆ. ಅಂಥವುಗಳಲ್ಲಿ ನಳಿಕೆ ಹಳೆಯದು, ಮದ್ದಿಗೆ ಕಿಡಿ ಹೊಡೆಯುವ ಕೀಲು ಹೊಸದು. ನಳಿಕೆಯ ಬದಿಯಲ್ಲಿ ಕಿಡಿ ಒಳಹೋಗುವ ಕಿವಿಯ ರಂಧ್ರದ ಸುತ್ತ ಬೇರೆ ಲೋಹ ಸೇರಿಸಿದ ಗುರುತು, ಕೀಲಿನ ತಗಡಿನಲ್ಲಿ ಮುಚ್ಚಿದ ಹಳೆಯ ಮೊಳೆ ರಂಧ್ರಗಳು ಇದನ್ನು ಹೇಳುತ್ತವೆ. ಪಾಲಿಶ್ ಮಾಡಿದರೆ ಮೊದಲು ಅಳಿಸುವುದೇ ಈ ಗುರುತುಗಳು.

ಈ ಸೀಮೆಯ ಬಂದೂಕುಗಳಿಗೆ ಇನ್ನೂ ಒಂದು ಚರಿತ್ರೆ ಇದೆ. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾಯ್ದೆ ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು. ಆ ಹೊತ್ತಿನಿಂದ ಉಳಿದು ಬಂದಿರಬಹುದಾದ ಒಂದು ಬಂದೂಕು ಎಂದರೆ ಅದು ಬರೀ ಕಬ್ಬಿಣವಲ್ಲ. ಅದರ ಮೇಲಿನ ಕಂದು ಪದರ, ಸವೆದ ಹಿಡಿ, ನಳಿಕೆಯ ಗುಳಿಗಳು ಎಲ್ಲವೂ ಸಾಕ್ಷಿ. ಅದನ್ನು ಹೊಸದರಂತೆ ಹೊಳೆಯಿಸಿದರೆ ಇತಿಹಾಸವೂ ಹೋಗುತ್ತದೆ, ಬೆಲೆಯೂ ಬೀಳುತ್ತದೆ.

ನೂರು ವರ್ಷಕ್ಕಿಂತ ಹಳೆಯ ಐತಿಹಾಸಿಕ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆ. ದುರಸ್ತಿ ಮಾಡಿದರೂ ಬಳಸಲಾಗದ ಹಳೆಯ ಮಾದರಿಯ ಆಯುಧಗಳಿಗೆ ಶಸ್ತ್ರ ಕಾಯ್ದೆಯ ಕಲಂ 45ರಲ್ಲಿ ವಿನಾಯಿತಿ ಇದೆ. ಆದರೆ ನಿಮ್ಮದು ಆ ವಿನಾಯಿತಿಗೆ ಬರುತ್ತದೆಯೇ ಎಂದು ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ, ಜಿಲ್ಲಾಧಿಕಾರಿ ಅಥವಾ ಪೊಲೀಸ್ ಕಚೇರಿಯಿಂದ ಬರಹದಲ್ಲಿ ಪಡೆಯಿರಿ. ದುರಸ್ತಿ ಮಾಡಿಸಿ ಹಾರಿಸುವಂತೆ ಮಾಡಿದರೆ ಆ ವಿನಾಯಿತಿಯೇ ತಪ್ಪಿಹೋಗುತ್ತದೆ.

ಹೊಳಪು ಬೇಡ, ತುಕ್ಕು ನಿಂತರೆ ಸಾಕು. ಏನು ಮಾಡಲಿ?

ಇದೇ ಅತ್ಯುತ್ತಮ ನಿರ್ಧಾರ. ಹೆಚ್ಚಿನ ಹಳೆಯ ನಳಿಕೆಗಳಿಗೆ ಇಷ್ಟೇ ಸಾಕು.

ಚಿಮಣಿ ಎಣ್ಣೆ ಅಥವಾ ತೆಳು ಯಂತ್ರದ ಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನು ತುಕ್ಕಿನ ಮೇಲೆ ಸುತ್ತಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಅತಿ ನುಣುಪಿನ ಸ್ಟೀಲ್ ವುಲ್ ತೆಗೆದುಕೊಂಡು, ಎಣ್ಣೆಯಲ್ಲಿಯೇ, ಹಗುರವಾಗಿ ಉಜ್ಜಿ. ಪಾತ್ರೆ ತಿಕ್ಕುವ ಒರಟು ಉಕ್ಕಿನ ನಾರು ಬಳಸಬಾರದು, ಅದು ಗೀರು ಬಿಡುತ್ತದೆ. ಗುಳಿಯ ಒಳಗಿನ ತುಕ್ಕಿಗೆ ಹಿತ್ತಾಳೆಯ ಅಥವಾ ತಾಮ್ರದ ಚೂಪು ತುಂಡು ಸಾಕು. ಅವು ಉಕ್ಕಿಗಿಂತ ಮೃದು, ತುಕ್ಕನ್ನು ಎಬ್ಬಿಸುತ್ತವೆ, ಉಕ್ಕನ್ನು ಕೆರೆಯುವುದಿಲ್ಲ.

ದುರಸ್ತಿದಾರರ ಬಳಿ ಇದಕ್ಕಿಂತ ಒಳ್ಳೆಯ ಉಪಾಯವಿದೆ. ಮರದಿಂದ ಬೇರ್ಪಡಿಸಿದ ನಳಿಕೆಯ ಜಿಡ್ಡು ತೆಗೆದು, ಶುದ್ಧ ನೀರಿನಲ್ಲಿ ಇಪ್ಪತ್ತು ನಿಮಿಷ ಕುದಿಸುತ್ತಾರೆ. ಕುದಿನೀರಿನಲ್ಲಿ ಕೆಂಪು ತುಕ್ಕು ಕಪ್ಪು ಮ್ಯಾಗ್ನೆಟೈಟ್ ಆಗಿ ಬದಲಾಗುತ್ತದೆ. ಕೆಂಪು ತುಕ್ಕು ಉಕ್ಕನ್ನು ತಿನ್ನುತ್ತಲೇ ಹೋಗುತ್ತದೆ, ಕಪ್ಪು ಪದರ ಅಂಟಿಕೊಂಡು ಉಕ್ಕನ್ನು ಕಾಯುತ್ತದೆ. ಮೇಲೆದ್ದ ಕಪ್ಪು ಮಸಿಯನ್ನು ಮೃದು ತಂತಿ ಬ್ರಶ್‌ನಿಂದ ತೆಗೆದರೆ ಉಳಿದಿದ್ದ ಹಳೆಯ ಬಣ್ಣವೂ ಹೋಗುವುದಿಲ್ಲ, ಗುಳಿಗಳೂ ಕಪ್ಪಾಗಿ ಕಣ್ಣಿಗೆ ಚುಚ್ಚುವುದಿಲ್ಲ. ನಳಿಕೆಯ ಒಂದು ಕೂದಲೆಳೆಯಷ್ಟು ಉಕ್ಕೂ ಕಳೆಯುವುದಿಲ್ಲ. ಇಂಥ ವಿಧಾನ ಇರುವಾಗ ಜನ ನೇರವಾಗಿ ಪಾಲಿಶ್ ಚಕ್ರಕ್ಕೆ ಹೋಗುವುದು ನನಗೆ ನಿಜವಾಗಿ ನೋವು ಕೊಡುತ್ತದೆ.

ಇಲ್ಲ, ನನ್ನದು ಹೊಸ ಕಾಲದ 315 ರೈಫಲ್. ಇತಿಹಾಸವೇನೂ ಇಲ್ಲ. ಹೊಸದರಂತೆ ಮಾಡಿಸಬೇಕು. ಕೆಲಸ ಹೇಗೆ ನಡೆಯುತ್ತದೆ?

ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆಯ 315 ರೈಫಲ್ ಹಳೆಯ ಲೀ-ಎನ್‌ಫೀಲ್ಡ್ ರೈಫಲ್ಲಿನ ಕೀಲಿನ ಮೇಲೆ ನಿಂತದ್ದು, ಅದರ ನಳಿಕೆಗೆ ಸಾಕಷ್ಟು ದಪ್ಪವಿದೆ. ಹೊರಗುಳಿ ಆಳವಿಲ್ಲದಿದ್ದರೆ ಮಾಡಿಸಬಹುದು.

ಮೊದಲು ಹಳೆಯ ಬಣ್ಣ ಮತ್ತು ತುಕ್ಕು ತೆಗೆಯಬೇಕು. ಬಿಳಿ ವಿನೆಗರ್ ಅಥವಾ ಫಾಸ್ಫಾರಿಕ್ ಆಮ್ಲದ ತುಕ್ಕುನಾಶಕ ಹಚ್ಚಿ, ಬಣ್ಣ ಬಿಟ್ಟ ಕೂಡಲೇ ತೊಳೆದು, ಅಡುಗೆ ಸೋಡಾದ ನೀರಿನಿಂದ ಆಮ್ಲ ಸಾಯಿಸುತ್ತಾರೆ. ಮರೆತು ಹೆಚ್ಚು ಹೊತ್ತು ಬಿಟ್ಟರೆ ಆಮ್ಲ ಉಕ್ಕನ್ನೇ ಕೊರೆದು ಹೊಸ ಒರಟು ಮಾಡುತ್ತದೆ.

ಆಮೇಲೆ ಅರದ ಕೆಲಸ. ಒಂದೇ ದಿಕ್ಕಿನ ಹಲ್ಲಿನ ನುಣುಪು ಅರವನ್ನು ನಳಿಕೆಗೆ ಅಡ್ಡಲಾಗಿ ಎರಡು ಕೈಯಲ್ಲಿ ಹಿಡಿದು, ನಳಿಕೆಯ ಉದ್ದಕ್ಕೂ ಎಳೆಯುತ್ತಾರೆ. ಅರದ ಹಲ್ಲಿಗೆ ಸುಣ್ಣದ ಕಡ್ಡಿ ತಿಕ್ಕಿದರೆ ಲೋಹದ ಪುಡಿ ಸಿಕ್ಕಿ ಗೀರು ಬೀಳುವುದಿಲ್ಲ. ಗುಳಿ ಇರುವ ಜಾಗವನ್ನಷ್ಟೇ ಉಜ್ಜಿದರೆ ಅಲ್ಲಿ ತಗ್ಗು ಬಿದ್ದು ಬೆಳಕಿನಲ್ಲಿ ಅಲೆಯಂತೆ ಕಾಣುತ್ತದೆ. ಆದ್ದರಿಂದ ಸುತ್ತಲೂ ದೂರದವರೆಗೆ ಸಮವಾಗಿ ಇಳಿಸುತ್ತ ಹೋಗಬೇಕು. ನಂತರ ಎಮರಿ ಕಾಗದ, ಒರಟಿನಿಂದ ನುಣುಪಿನ ಕಡೆಗೆ: 120, 180, 220, 320, 400. ಪ್ರತಿ ಹಂತದಲ್ಲೂ ಹಿಂದಿನ ಕಾಗದದ ಗೀರು ಪೂರ್ತಿ ಹೋದ ಮೇಲೆಯೇ ಮುಂದಿನದು. ಕಾಗದದ ಹಿಂದೆ ಮರದ ತುಂಡು ಇರಲೇಬೇಕು. ಬೆರಳಿನಿಂದ ಒತ್ತಿದರೆ ಬೆರಳು ಗುಳಿಯ ಒಳಗೂ ಇಳಿದು ಅದರ ಅಂಚನ್ನು ಮೃದು ಮಾಡುತ್ತದೆ, ಗುಳಿ ಅಲ್ಲಿಯೇ ಉಳಿಯುತ್ತದೆ.

ತಿರುಗುವ ಬಫ್ ಚಕ್ರ ಬೇಡ ಎಂದು ಸ್ಪಷ್ಟವಾಗಿ ಹೇಳಿ. ಅಂಚುಗಳು ದುಂಡಾಗುತ್ತವೆ, ಮೊಳೆ ರಂಧ್ರಗಳು ಬಾಣಲೆಯಂತೆ ಅಗಲವಾಗುತ್ತವೆ, ಅಕ್ಷರಗಳು ಮಸುಕಾಗುತ್ತವೆ. ಆ ಅಕ್ಷರಗಳ ಪ್ರಶ್ನೆ ಸೌಂದರ್ಯದ್ದಷ್ಟೇ ಅಲ್ಲ. ಬಂದೂಕಿನ ಸಂಖ್ಯೆ ಮತ್ತು ಗುರುತನ್ನು ಅಳಿಸುವುದು, ತೆಗೆಯುವುದು, ತಿದ್ದುವುದು ಶಸ್ತ್ರ ಕಾಯ್ದೆಯ ಕಲಂ 8ರ ಪ್ರಕಾರ ಅಪರಾಧ. ಸಂಖ್ಯೆಯ ಸುತ್ತ ಗುಳಿ ಇದ್ದರೂ ಆ ಜಾಗಕ್ಕೆ ಅರ ತಾಗದಂತೆ ಮುಚ್ಚಿಸಿ. ಕೆಲಸಕ್ಕೆ ಕೊಡುವ ಮೊದಲು ಎಲ್ಲ ಗುರುತುಗಳ ಫೋಟೊ ತೆಗೆದುಕೊಳ್ಳಿ.

ಎಲ್ಲಿಗೆ ನಿಲ್ಲಿಸಬೇಕು ಎಂಬುದು ಮುಖ್ಯ. ನೂರಕ್ಕೆ ತೊಂಬತ್ತು ಗುಳಿ ಹೋಗಿ, ನಾಲ್ಕಾರು ಆಳದ ಗುಳಿ ಉಳಿದಾಗ ಅವನ್ನೂ ತೆಗೆಸುವ ಆಸೆಯಾಗುತ್ತದೆ. ಆ ನಾಲ್ಕಕ್ಕಾಗಿ ಇಡೀ ನಳಿಕೆಯನ್ನು ತೆಳು ಮಾಡಬೇಕಾಗುತ್ತದೆ. ಒಳ್ಳೆಯ ಕೆಲಸಗಾರ ಅಲ್ಲಿಯೇ ಅರ ಕೆಳಗಿಡುತ್ತಾನೆ.

ಗುಳಿಗೆ ವೆಲ್ಡಿಂಗ್ ಅಥವಾ ಪುಟ್ಟಿ ತುಂಬಿಸಿದರೆ?

ವೆಲ್ಡಿಂಗ್ ಶಾಖ ಉಕ್ಕಿನ ಹದವನ್ನೇ ಕೆಡಿಸುತ್ತದೆ, ನಳಿಕೆ ಬಾಗಬಹುದು, ಬೆಸೆದ ಚುಕ್ಕೆ ಬೇರೆ ಬಣ್ಣ ತೆಗೆದುಕೊಳ್ಳುತ್ತದೆ. ಚೇಂಬರ್ ಹತ್ತಿರವಂತೂ ಅದು ಪ್ರಾಣಾಪಾಯ. ಪುಟ್ಟಿ, ಎಪಾಕ್ಸಿ ಬ್ಲೂಯಿಂಗ್ ಹಿಡಿಯುವುದಿಲ್ಲ, ಕುದಿನೀರಿನಲ್ಲಿ ಸಡಿಲವಾಗುತ್ತದೆ, ಕೆಳಗೆ ತೇವ ಸಿಕ್ಕಿಸಿಕೊಂಡು ಗುಳಿಯನ್ನು ಇನ್ನೂ ಆಳ ಮಾಡುತ್ತದೆ.

ಯಾವ ಬಗೆಯ ಬ್ಲೂಯಿಂಗ್ ಮಾಡಿಸಬೇಕು?

ಮೂರು ಬಗೆ ಇವೆ.

ಬಿಸಿ ಬ್ಲೂಯಿಂಗ್ ಕಾರ್ಖಾನೆಯ ವಿಧಾನ. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣದ ದ್ರಾವಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ನಳಿಕೆ ಮುಳುಗಿಸುತ್ತಾರೆ. ಹೊಳೆಯುವ ಕಪ್ಪು ಬರುತ್ತದೆ. ಒಂದು ಹನಿ ನೀರು ಬಿದ್ದರೂ ದ್ರಾವಣ ಸಿಡಿದು ಕಣ್ಣು ಹೋಗುವಂಥ ಕೆಲಸ ಅದು. ಜೋಡಿ ನಳಿಕೆಯ ಬಂದೂಕಿಗೆ ಇದನ್ನು ಎಂದಿಗೂ ಮಾಡಿಸಬೇಡಿ. ಎರಡು ನಳಿಕೆಗಳ ನಡುವಿನ ಪಟ್ಟಿಯನ್ನು ಸೀಸ-ತವರದ ಬೆಸುಗೆಯಿಂದ ಕೂಡಿಸಿರುತ್ತಾರೆ. ಕಾಸ್ಟಿಕ್ ಆ ಬೆಸುಗೆಯನ್ನು ತಿನ್ನುತ್ತದೆ, ಪಟ್ಟಿಯ ಕೆಳಗೆ ನುಗ್ಗಿದ ಲವಣ ವರ್ಷಗಟ್ಟಲೆ ಹೊರಗೆ ಜಿನುಗುತ್ತದೆ.

ಬಾಟಲಿಯಲ್ಲಿ ಸಿಗುವ ತಣ್ಣನೆಯ ಬ್ಲೂಯಿಂಗ್ ಎಂದರೆ ಸೆಲೆನಿಯಂ ಮತ್ತು ತಾಮ್ರದ ಲವಣಗಳ ತೆಳು ಲೇಪ. ಸಣ್ಣ ಗೀರು ಮುಚ್ಚಲು ಸರಿ. ಇಡೀ ನಳಿಕೆಗೆ ಹಚ್ಚಿದರೆ ಪಟ್ಟೆಪಟ್ಟೆಯಾಗುತ್ತದೆ, ಬೇಗ ಸವೆಯುತ್ತದೆ. ವಿಷಕಾರಿಯಾದ್ದರಿಂದ ಕೈಗವಸಿಲ್ಲದೆ ಮುಟ್ಟಬಾರದು.

ಗುಳಿಬಿದ್ದ ಹಳೆಯ ನಳಿಕೆಗೆ ಸರಿಯಾದದ್ದು ನಿಧಾನದ ತುಕ್ಕಿನ ಬ್ಲೂಯಿಂಗ್. ಜಿಡ್ಡು ಪೂರ್ತಿ ತೆಗೆದ ನಳಿಕೆಗೆ ಆಮ್ಲೀಯ ದ್ರಾವಣವನ್ನು ಅತಿ ತೆಳುವಾಗಿ ಸವರಿ, ತೇವ ತುಂಬಿದ ಪೆಟ್ಟಿಗೆಯಲ್ಲಿ ಕೆಲವು ಗಂಟೆ ಇಡುತ್ತಾರೆ. ಸಮನಾದ ಕೆಂಪು ತುಕ್ಕು ಮೂಡುತ್ತದೆ. ಅದನ್ನು ಕುದಿಸಿ ಕಪ್ಪು ಮಾಡಿ, ಮಸಿ ಒರೆಸಿ, ಮತ್ತೆ ದ್ರಾವಣ ಸವರಿ, ಮತ್ತೆ ತುಕ್ಕು, ಮತ್ತೆ ಕುದಿ. ಐದಾರು ಸುತ್ತಿನಿಂದ ಹತ್ತು ಸುತ್ತಿನವರೆಗೆ ಹೀಗೆ ನಡೆದ ಮೇಲೆ ಆಳವಾದ, ಹೊಳಪಿಲ್ಲದ, ಗಟ್ಟಿಯಾದ ಕಪ್ಪುನೀಲಿ ಬರುತ್ತದೆ. ಇದು ಹೊಳೆಯದಿರುವುದರಿಂದ ಉಳಿದ ಸಣ್ಣ ಗುಳಿಗಳನ್ನು ಎತ್ತಿ ತೋರಿಸುವುದಿಲ್ಲ. ಜೋಡಿ ನಳಿಕೆಯ ಬೆಸುಗೆಗೂ ಹಾನಿಯಿಲ್ಲ, ಏಕೆಂದರೆ ಬಿಸಿ 100 ಡಿಗ್ರಿ ದಾಟುವುದಿಲ್ಲ. ಕುದಿಸುವ ಹಂತವನ್ನು ಬಿಟ್ಟರೆ ಕಂದು ಬಣ್ಣ ಬರುತ್ತದೆ. ಬಾಯಿಯಿಂದ ಮದ್ದು ತುಂಬುವ ಎಷ್ಟೋ ಹಳೆಯ ಬಂದೂಕುಗಳ ಮೂಲ ಬಣ್ಣವೇ ಅದು.

ತುಕ್ಕಿನ ಬ್ಲೂಯಿಂಗ್‌ಗೆ ಯಾವ ಕಾಲ ಒಳ್ಳೆಯದು?

ಬೆಳಗಾವಿಯ ಮಳೆಗಾಲ. ಬಂದೂಕನ್ನು ಕೆಡಿಸುವ ಅದೇ ತೇವ ಈ ಕೆಲಸಕ್ಕೆ ವರ. ಗಾಳಿಯೇ ಒದ್ದೆ ಇರುವುದರಿಂದ ತುಕ್ಕು ಸಮನಾಗಿ ಏಳುತ್ತದೆ. ವಿಜಯಪುರದ ಬೇಸಿಗೆಯಲ್ಲಿ ದ್ರಾವಣ ಒಣಗಿಹೋಗಿ ಮಚ್ಚೆಯಾಗುತ್ತದೆ, ಆದ್ದರಿಂದ ಒದ್ದೆ ಬಟ್ಟೆ ಹಾಸಿದ ಮುಚ್ಚಿದ ಪೆಟ್ಟಿಗೆ ಬೇಕೇ ಬೇಕು.

ಕಾಲಕ್ಕಿಂತ ನೀರು ಮುಖ್ಯ. ವಿಜಯಪುರ, ಬಾಗಲಕೋಟೆಯ ಬೋರ್‌ವೆಲ್ ನೀರು ಅನೇಕ ಕಡೆ ಗಡುಸು. ಕುದಿಸಿದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪೊರೆ ಎಲ್ಲ ಗೃಹಿಣಿಯರಿಗೂ ಗೊತ್ತು. ಅದೇ ಪೊರೆ ನಳಿಕೆಯ ಮೇಲೂ ಕೂತು ಬಿಳಿ ಕಲೆ ಬಿಡುತ್ತದೆ. ನೀರಿನ ಕ್ಲೋರೈಡ್ ಹೊಸ ತುಕ್ಕಿಗೆ ದಾರಿ ಮಾಡುತ್ತದೆ. ಬ್ಯಾಟರಿಗೆ ಹಾಕುವ ಶುದ್ಧ ನೀರು ಬಳಸುತ್ತೀರಾ ಎಂದು ಅಂಗಡಿಯವರನ್ನು ಕೇಳಿ. ಸ್ವಚ್ಛ ಪಾತ್ರೆಯಲ್ಲಿ ನೇರವಾಗಿ ಹಿಡಿದ ಮಳೆನೀರೂ ನಡೆಯುತ್ತದೆ.

ಕ್ರೋಮ್ ಹಾಕಿಸಿದರೆ ತುಕ್ಕೇ ಬರುವುದಿಲ್ಲವಲ್ಲ?

ಗುಳಿಯ ಮೇಲೆ ಲೋಹಲೇಪ ಮಾಡಿದರೆ ಹೊಳೆಯುವ ಗುಳಿ ಸಿಗುತ್ತದೆ. ಲೇಪ ಸರಿಯಾಗಿ ಹಿಡಿಯದ ಕಡೆ ಒಳಗಿನಿಂದಲೇ ತುಕ್ಕು ಎದ್ದು ಪದರ ಕಿತ್ತುಬರುತ್ತದೆ. ಆಟೊಮೊಬೈಲ್ ಬಣ್ಣ ಹೊಡೆಸುವುದೂ ಇಂಥದ್ದೇ.

ಹಚ್ಚಲು ಯಾವ ಎಣ್ಣೆ? ಮನೆಯಲ್ಲಿ ಕುಸುಬಿ ಎಣ್ಣೆ ಇದೆ.

ಕುಸುಬಿ ಎಣ್ಣೆಯನ್ನು ಅಡುಗೆಗೇ ಇಟ್ಟುಕೊಳ್ಳಿ. ಗಾಳಿಗೆ ಒಡ್ಡಿದರೆ ಅದು ಒಣಗಿ ಅಂಟಾಗುತ್ತದೆ, ಬೋಲ್ಟ್ ಕಚ್ಚಿಕೊಳ್ಳುತ್ತದೆ. ಶೇಂಗಾ, ಕೊಬ್ಬರಿ ಎಣ್ಣೆಗಳು ಹಳಸಿ ಹುಳಿಯಾಗುತ್ತವೆ, ಆ ಹುಳಿಯೇ ಉಕ್ಕಿಗೆ ಶತ್ರು. ಹೊಲಿಗೆ ಯಂತ್ರದ ಎಣ್ಣೆಯಂಥ ಖನಿಜ ಎಣ್ಣೆ ತೆಳುವಾಗಿ ಸಾಕು. ಒಂದು ಮಳೆಗಾಲ ಮುಟ್ಟದೆ ಇಡುವುದಾದರೆ ಪೆಟ್ರೋಲಿಯಂ ಜೆಲ್ಲಿ ಅಥವಾ ಗ್ರೀಸ್ ಸವರಿ. ಮತ್ತೆ ಹಾರಿಸುವ ಮೊದಲು ನಳಿಕೆಯ ಒಳಗಿನ ಗ್ರೀಸನ್ನು ಪೂರ್ತಿ ಒರೆಸಿ ತೆಗೆಯಬೇಕು, ಉಳಿದರೆ ಅದೇ ಅಡ್ಡಿಯಾಗಿ ನಳಿಕೆ ಉಬ್ಬಬಹುದು.

ಬೇಗ ಒಣಗುವ ಎಣ್ಣೆ ಬೇಕಾಗುವುದು ಮರಕ್ಕೆ. ಕುದಿಸಿದ ಅಗಸಿ ಎಣ್ಣೆಯನ್ನು ಮರದ ಹಿಡಿಗೆ ಬಟ್ಟೆಯಿಂದ ತೆಳುವಾಗಿ ಉಜ್ಜಿ, ಒಣಗಲು ಬಿಟ್ಟು, ಮತ್ತೆ ಉಜ್ಜಿ. ನಳಿಕೆ ಕೂರುವ ಒಳತೋಡಿಗೂ ಹಚ್ಚಿ, ತೇವ ಹೀರುವುದು ಅಲ್ಲಿಯೇ. ಎಣ್ಣೆ ಹಚ್ಚಿದ ಚಿಂದಿಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅಗಸಿ ಎಣ್ಣೆಯ ಬಟ್ಟೆ ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ ಅಥವಾ ನೀರಿನಲ್ಲಿ ಮುಳುಗಿಸಿ.

ಖಂಡೇನವಮಿಗೆ ಪೂಜೆ ಮಾಡುತ್ತೇವೆ. ಅದರಿಂದ ತುಕ್ಕು ಬರುತ್ತದೆಯೇ?

ಪೂಜೆಯಿಂದ ಬರುವುದಿಲ್ಲ, ಪೂಜೆಯ ನಂತರ ಹಾಗೆಯೇ ಬಿಡುವುದರಿಂದ ಬರುತ್ತದೆ. ನೀರಿನಲ್ಲಿ ಕಲಸಿದ ವಿಭೂತಿ, ಕುಂಕುಮ, ಹೂವಿನ ತೇವ, ಒಡೆದ ತೆಂಗಿನಕಾಯಿಯ ನೀರು, ನಿಂಬೆಹಣ್ಣಿನ ರಸ ಎಲ್ಲವೂ ನಳಿಕೆಯ ಮೇಲೆ ಬೀಳುತ್ತವೆ. ಮರುದಿನ ಬನ್ನಿ ಮುಡಿಯುವವರೆಗೆ ಆಯುಧ ಎತ್ತಬಾರದು ಎಂಬ ಪದ್ಧತಿ ಇರುವ ಮನೆಗಳಲ್ಲಿ ಅವು ರಾತ್ರಿಯಿಡೀ ಅಲ್ಲಿಯೇ ಇರುತ್ತವೆ. ವಿಭೂತಿಯ ಮೂರು ಪಟ್ಟೆ ಬ್ಲೂಯಿಂಗ್ ಮೇಲೆ ಶಾಶ್ವತವಾಗಿ ಮೂಡಿದ ರೈಫಲ್ಲುಗಳನ್ನು ನಾನು ನೋಡಿದ್ದೇನೆ.

ಪೂಜೆಗೆ ಮೊದಲು ಗ್ರೀಸ್ ತೆಳುವಾಗಿ ಸವರಿ. ಕುಂಕುಮ, ವಿಭೂತಿಯನ್ನು ಮರದ ಹಿಡಿಗೆ ಅಥವಾ ಪಕ್ಕದಲ್ಲಿಟ್ಟ ವಸ್ತ್ರಕ್ಕೆ ಹಚ್ಚಿ. ನಿಂಬೆಹಣ್ಣು ನಳಿಕೆಗೆ ತಾಗದಿರಲಿ. ವಿಸರ್ಜನೆಯಾದ ಕೂಡಲೇ ಒದ್ದೆ ಬಟ್ಟೆ, ಒಣಬಟ್ಟೆ, ಎಣ್ಣೆಬಟ್ಟೆ ಈ ಕ್ರಮದಲ್ಲಿ ಒರೆಸಿ. ಹಬ್ಬದ ಸಂಭ್ರಮಕ್ಕೆ ಗಾಳಿಯಲ್ಲಿ ಗುಂಡು ಹಾರಿಸುವುದು ಬೇಡವೇ ಬೇಡ. ಇತರರ ಜೀವಕ್ಕೆ ಅಪಾಯ ತರುವ ಸಂಭ್ರಮದ ಗುಂಡಿಗೆ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ.

ಚುನಾವಣೆ ಬಂದಾಗ ಬಂದೂಕು ಠಾಣೆಯಲ್ಲಿ ಇಡಬೇಕು. ಮರಳಿ ಬರುವಾಗ ತುಕ್ಕು ಹಿಡಿದಿರುತ್ತದೆ. ಏನು ಮಾಡಬೇಕು?

ಈ ಪ್ರಶ್ನೆ ಬರದ ವರ್ಷವಿಲ್ಲ. ನೂರಾರು ಬಂದೂಕುಗಳನ್ನು ಒಂದೇ ಕೋಣೆಯಲ್ಲಿ ಕಾಯಬೇಕಾದ ಸಿಬ್ಬಂದಿ ಪ್ರತಿಯೊಂದಕ್ಕೂ ಎಣ್ಣೆ ಹಚ್ಚಲಾರರು. ಅದು ಮಾಲೀಕನೇ ಮುಂಚಿತವಾಗಿ ಮಾಡಬೇಕಾದ ಕೆಲಸ. ಠೇವಣಿಯ ಹಿಂದಿನ ದಿನ ಒಳಗೆ ಹೊರಗೆ ಸ್ವಚ್ಛಗೊಳಿಸಿ, ಗ್ರೀಸ್ ಸವರಿ, ಮೇಲೆ ಗ್ರೀಸ್ ಹೀರದ ಮೇಣದ ಕಾಗದ ಸುತ್ತಿ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಬೇಡಿ, ಒಳಗಿನ ತೇವ ಅಲ್ಲಿಯೇ ಬೆವರಾಗುತ್ತದೆ. ಬಾಯಿಗೆ ಬಟ್ಟೆಯ ತುಂಡು ತುರುಕಬೇಡಿ. ಅದು ತೇವ ಹಿಡಿದು ಬಾಯಿಯ ಅಂಚನ್ನೇ ತಿನ್ನುತ್ತದೆ, ಮರೆತು ಹಾರಿಸಿದರೆ ನಳಿಕೆ ಒಡೆಯುತ್ತದೆ.

ಸಂಖ್ಯೆ ಬರೆದ ಚೀಟಿಯನ್ನು ಟ್ರಿಗರ್ ಸುತ್ತಿನ ಬಳೆಗೆ ದಾರದಿಂದ ಕಟ್ಟಿ. ಸಿಬ್ಬಂದಿಯ ಎದುರಿನಲ್ಲೇ ನಾಲ್ಕು ಕಡೆಯ ಫೋಟೊ ತೆಗೆದುಕೊಳ್ಳಬಹುದೇ ಎಂದು ವಿನಯದಿಂದ ಕೇಳಿ, ಈಗಾಗಲೇ ಇರುವ ಗುಳಿಗಳನ್ನು ರಸೀದಿಯಲ್ಲಿ ಬರೆಸಿಕೊಳ್ಳಿ. ಫಲಿತಾಂಶ ಬಂದು ಮರಳಿ ಪಡೆಯುವ ಆದೇಶ ಹೊರಟ ಮೇಲೆ ತಡಮಾಡಬೇಡಿ, ಆ ವಾರವೇ ಹೋಗಿ ತನ್ನಿ. ಮನೆಗೆ ತಂದ ದಿನವೇ ಮರ ಬಿಚ್ಚಿಸಿ, ನಳಿಕೆಯ ಕೆಳಭಾಗವನ್ನೂ ನೋಡಿ ಒರೆಸಿ.